ಯಾವ ಮದಕರಿ, ಯಾವ ಚಂದ್ರಶೇಖರ್? ಒಂದೇ ಹೆಸರಿನ ಸಾಧಕರನ್ನು ಬಿಡಿಸಿ ದಾಖಲಿಸಲು ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಯಾರಾದರೂ ‘ನಾಳೆ ವಿನಯ್ ಕುಮಾರ್ ಬರ್ತಾರಂತೆ’ ಅಂದರೆ ‘ಯಾವ ವಿನಯ್ ಕುಮಾರ್ ರೀ?’ ಎಂದು ಕೇಳಲೇಬೇಕಾಗುತ್ತದೆ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದ ಬೌಲರ್, ಕರ್ನಾಟಕಕ್ಕೆ ಸಾಲಾಗಿ ಎರಡು ವರ್ಷ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ಒಬ್ಬರು. 2024ರ ಲೋಕಸಭಾ ಚುನಾವಣೆಯಲ್ಲಿ ಇದೇ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ಇನ್ನೊಬ್ಬರು. ಉಡುಪಿ ಕಡೆಯ ರಾಜಕಾರಣಿ ವಿನಯ್ ಕುಮಾರ್ ಸೊರಕೆ ಮತ್ತೊಬ್ಬರು. ಎದುರಾಎದುರು ಮಾತಾಡುವಾಗ ಮರುಪ್ರಶ್ನೆ ಹಾಕಿ ತಿಳಿದುಕೊಳ್ಳಬಹುದು. ಅಚ್ಚಾದ ಪುಟವನ್ನು ಹಾಗೆ ಕೇಳಲು ಬರುವುದಿಲ್ಲ.

ಊರಿನ ಚರಿತ್ರೆ ಬರೆಯುವವರು, ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುವವರು, ರಾಜ್ಯೋತ್ಸವಕ್ಕೆ ಸಾಧಕರ ಫ್ಲೆಕ್ಸ್ ಮಾಡಿಸುವವರು, ಕ್ವಿಜ್ ನಡೆಸುವ ಮೇಷ್ಟ್ರುಗಳು, ವಿಕಿಪೀಡಿಯಕ್ಕೆ ಬರೆಯುವ ಕಾಲೇಜು ಹುಡುಗ ಹುಡುಗಿಯರು, ಇವರೆಲ್ಲರ ಕೈಗೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಒಂದೇ ಆಯಿತೆಂದು ಒಬ್ಬರ ದುಡಿಮೆ ಇನ್ನೊಬ್ಬರ ಲೆಕ್ಕಕ್ಕೆ ಹೋದರೆ ಅದು ಆ ಮನುಷ್ಯನಿಗೆ ಮಾಡುವ ಅನ್ಯಾಯ. ಸತ್ತವರಾದರೆ ಬಂದು ಸರಿಪಡಿಸಲಾರರು, ಬದುಕಿದ್ದವರಾದರೆ ತಮ್ಮ ಹೆಸರಿನ ಪಕ್ಕ ಇನ್ನೊಬ್ಬರ ಆಪಾದನೆಯನ್ನೋ ಶ್ರದ್ಧಾಂಜಲಿಯನ್ನೋ ಓದಬೇಕಾಗಿ ಬರಬಹುದು.

ಇಡೀ ಕೆಲಸಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ: ಒಬ್ಬರೇ ಎಂದು ಪುರಾವೆ ಸಿಗುವ ತನಕ ಇಬ್ಬರನ್ನು ಇಬ್ಬರಾಗಿಯೇ ಇಡಿ. ಬೇರೆ ಬೇರೆ ಇಟ್ಟ ಎರಡು ಕಾರ್ಡುಗಳನ್ನು ನಾಳೆ ಒಟ್ಟು ಮಾಡುವುದು ಐದು ನಿಮಿಷದ ಕೆಲಸ. ಒಟ್ಟು ಮಾಡಿ ಬರೆದದ್ದನ್ನು ಬಿಡಿಸುವಾಗ ಯಾವ ಸಾಲು ಯಾರದು ಎಂದು ಮೊದಲಿನಿಂದ ಹುಡುಕಬೇಕು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಇಲ್ಲವೇ ಎಕ್ಸೆಲ್‌ನಲ್ಲಿ ಒಂದೊಂದು ಸಾಲು. ಜಿಲ್ಲಾ ಕೇಂದ್ರ ಗ್ರಂಥಾಲಯದ ಸದಸ್ಯತ್ವ. ಮೊಬೈಲ್ ಫೋನು. ಇವುಗಳ ಜೊತೆಗೆ, ‘ನನಗೆ ಗೊತ್ತು ಬಿಡ್ರೀ, ಅವರೇ ಇವರು’ ಅನ್ನುವವರ ಮಾತನ್ನು ಗೌರವದಿಂದ ಕೇಳಿಯೂ ಪರೀಕ್ಷೆ ಮಾಡುವ ತಾಳ್ಮೆ.

ಹೆಜ್ಜೆ 1: ಹೆಸರಿನ ಎಲ್ಲ ಬರಹರೂಪಗಳನ್ನೂ ಪಟ್ಟಿ ಮಾಡಿ

ಹುಡುಕುವ ಮೊದಲು ಏನನ್ನು ಹುಡುಕಬೇಕು ಎಂದು ಬರೆದುಕೊಳ್ಳಿ. ವಿನಯ್ ಕುಮಾರ್, ವಿನಯ್‌ಕುಮಾರ್, ವಿನಯಕುಮಾರ್, ವಿನಯಕುಮಾರ: ಕಣ್ಣಿಗೆ ನಾಲ್ಕೂ ಒಂದೇ, ಕಂಪ್ಯೂಟರಿಗೆ ನಾಲ್ಕೂ ಬೇರೆ. ಸಿದ್ದೇಶ್ವರ ಎಂದು ಹುಡುಕಿದರೆ ಸಿದ್ಧೇಶ್ವರ ಎಂದು ಮಹಾಪ್ರಾಣದಲ್ಲಿ ಬರೆದ ಪುಟಗಳು ತಪ್ಪಿಹೋಗಬಹುದು. ದಾವಣಗೆರೆಯ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರ ಅವರ ಹೆಸರನ್ನೂ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಹೆಸರನ್ನೂ ಜನ ಎರಡೂ ಬಗೆಯಲ್ಲಿ ಬರೆಯುತ್ತಾರೆ. ಹಾಗಾಗಿ ‘ದ್ದ’ ಇದ್ದರೆ ರಾಜಕಾರಣಿ, ‘ದ್ಧ’ ಇದ್ದರೆ ಸ್ವಾಮೀಜಿ ಎಂದು ತೀರ್ಮಾನಿಸಲು ಬರುವುದಿಲ್ಲ. ಬರಹರೂಪ ಹುಡುಕಾಟಕ್ಕೆ ಮಾತ್ರ, ಗುರುತಿಗೆ ಅಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಹೋದರೆ ಇನ್ನೂ ಹರಡುತ್ತದೆ. ಚಂದ್ರಶೇಖರ್ ಎಂಬ ಒಂದು ಹೆಸರಿಗೆ ಎಚ್ ಇದ್ದದ್ದು, ಇಲ್ಲದ್ದು, ಎರಡು ಪದ ಮಾಡಿದ್ದು, ಕೊನೆಗೆ ಎ ಸೇರಿಸಿದ್ದು ಎಂದು ಏಳೆಂಟು ರೂಪಗಳಿವೆ. ಎಲ್ಲವನ್ನೂ ಒಮ್ಮೆ ಕಾರ್ಡಿನ ಹಿಂಬದಿಗೆ ಬರೆದಿಟ್ಟುಕೊಂಡರೆ ಮುಂದೆ ಪದೇ ಪದೇ ಯೋಚಿಸಬೇಕಾಗಿಲ್ಲ.

ಇನ್ನೊಂದು ಎಚ್ಚರ. ನಮ್ಮ ಕಡೆಯ ಎಷ್ಟೋ ಸ್ಮರಣ ಸಂಚಿಕೆಗಳು, ಕಚೇರಿಯ ಕಾಗದಗಳು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದವು, ಯೂನಿಕೋಡ್ ಅಲ್ಲ. ಅವುಗಳ ಪಿಡಿಎಫ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಬರಲಿಲ್ಲ ಎಂದರೆ ಹೆಸರು ಅಲ್ಲಿಲ್ಲ ಎಂದಲ್ಲ. ಪುಟ ತಿರುವಿ ಕಣ್ಣಲ್ಲೇ ನೋಡಬೇಕು.

ಹೆಜ್ಜೆ 2: ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಿರಿ

ನಮ್ಮ ಕಡೆ ಹೆಸರಿನ ಮುಂದಿನ ಅಕ್ಷರಗಳಲ್ಲಿ ಸಾಮಾನ್ಯವಾಗಿ ಊರು ಇರುತ್ತದೆ, ಅಪ್ಪನ ಹೆಸರು ಇರುತ್ತದೆ, ಒಮ್ಮೊಮ್ಮೆ ಎರಡೂ ಇರುತ್ತವೆ. ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್: ಚಳ್ಳಕೆರೆ ತಾಲ್ಲೂಕಿನ ತಳುಕು ಮನೆತನದ ಊರು, ರಾಮಸ್ವಾಮಯ್ಯ ತಂದೆ. ಎಸ್. ನಿಜಲಿಂಗಪ್ಪ ಅವರ ‘ಎಸ್’ ಸಿದ್ದವನಹಳ್ಳಿ. ಗಾಂಧೀವಾದಿ ಲೇಖಕ ಸಿದ್ದವನಹಳ್ಳಿ ಕೃಷ್ಣಶರ್ಮರ ಹೆಸರಿನ ಮುಂದೆಯೂ ಅದೇ ಊರು. ಅಕ್ಷರ ಬಿಡಿಸಿದ ಕೂಡಲೇ ಮನುಷ್ಯನ ಬೇರು ಎಲ್ಲಿ ಎಂದು ಕಾಣುತ್ತದೆ.

ಸುಬ್ಬರಾವ್ ಎಂಬ ಹೆಸರನ್ನೇ ಹಿಡಿದು ನೋಡಿ. ಚಿತ್ರದುರ್ಗದ ಪಾಳೆಯಗಾರರ ಕತೆಯನ್ನು ಕಾದಂಬರಿಗಳಲ್ಲಿ ಕಟ್ಟಿಕೊಟ್ಟ ನಮ್ಮ ತ.ರಾ. ಸುಬ್ಬರಾವ್ ಒಬ್ಬರು. ಫೋಲಿಕ್ ಆಮ್ಲದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಿದ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಇನ್ನೊಬ್ಬರು. 1966-67ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೆ. ಸುಬ್ಬರಾವ್ ಮೂರನೆಯವರು. 19ನೇ ಶತಮಾನದ ಥಿಯಾಸಫಿಸ್ಟ್ ಟಿ. ಸುಬ್ಬರಾವ್ ನಾಲ್ಕನೆಯವರು. ಕೊನೆಯವರ ಹೆಸರಿನ ಮುಂದಿರುವುದು ‘ಟಿ’ ಎಂಬುದನ್ನು ಗಮನಿಸಿ. ತ.ರಾ.ಸು. ಅವರನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೂ ಟಿ ಎಂದೇ ಶುರುವಾಗುತ್ತದೆ. ಒಂದು ಅಕ್ಷರದ ಮೇಲೆ ಭಾರ ಹಾಕಿದರೆ ಥಿಯಾಸಫಿಯ ಪ್ರಬಂಧಗಳು ನಮ್ಮ ಕಾದಂಬರಿಕಾರರ ತಲೆಗೆ ಬರುತ್ತವೆ.

ಇನಿಷಿಯಲ್ ಸಾಲದು ಎನ್ನುವುದಕ್ಕೆ ಎಸ್. ಚಂದ್ರಶೇಖರ್‌ಗಿಂತ ಒಳ್ಳೆಯ ಪಾಠ ಇಲ್ಲ. 1983ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು ಸುಬ್ರಹ್ಮಣ್ಯನ್ ಚಂದ್ರಶೇಖರ್, 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು, ನಕ್ಷತ್ರಗಳ ಭೌತವಿಜ್ಞಾನದಲ್ಲಿ ದುಡಿದವರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದು 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಲೋಕಕ್ಕೆ ತೋರಿಸಿದವರು ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರೂ ಎಸ್, ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ಸಿ.ವಿ. ರಾಮನ್ ಅವರ ಬಂಧುಗಳು, ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು! ಮೂರನೆಯ ಎಸ್. ಚಂದ್ರಶೇಖರ್ ಕೂಡ ಇದ್ದಾರೆ: ಜನಸಂಖ್ಯಾಶಾಸ್ತ್ರಜ್ಞ, 1967ರಲ್ಲಿ ಕೇಂದ್ರದ ಆರೋಗ್ಯ ಸಚಿವರಾದ ಶ್ರೀಪತಿ ಚಂದ್ರಶೇಖರ್. ಅಕ್ಷರ, ವಿಷಯ, ಮನೆತನ ಎಲ್ಲ ಹೊಂದಿಕೊಂಡ ಮೇಲೂ ಮನುಷ್ಯರು ಬೇರೆಯಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕಾರ್ಡಿನಲ್ಲಿ ‘ಎಸ್’ ಎಂದು ಬಿಡಬೇಡಿ, ಸುಬ್ರಹ್ಮಣ್ಯನ್, ಶಿವರಾಮಕೃಷ್ಣ, ಶ್ರೀಪತಿ ಎಂದು ಪೂರ್ತಿ ಬರೆಯಿರಿ.

ಚಂದ್ರಶೇಖರ್ ಎಂಬ ಕಟ್ಟು ಇಷ್ಟಕ್ಕೇ ಮುಗಿಯುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್, 1990-91ರ ಪ್ರಧಾನಿ ಚಂದ್ರಶೇಖರ್, ಕ್ರಾಂತಿಕಾರಿ ಚಂದ್ರಶೇಖರ ಆಜಾದ್, ಜ್ಞಾನಪೀಠದ ಚಂದ್ರಶೇಖರ ಕಂಬಾರ, ‘ಚಂಪಾ’ ಎಂದೇ ಪರಿಚಿತರಾದ ಚಂದ್ರಶೇಖರ ಪಾಟೀಲ. ಕರೆಯುವ ಹೆಸರು ಹಿಡಿದು ಬಿಡಿಸೋಣ ಎಂದರೆ ಅದೂ ಕೈಕೊಡುತ್ತದೆ. ನೊಬೆಲ್ ವಿಜ್ಞಾನಿಯನ್ನು ಸಹೋದ್ಯೋಗಿಗಳು ‘ಚಂದ್ರ’ ಎನ್ನುತ್ತಿದ್ದರು, 1999ರಲ್ಲಿ ಹಾರಿದ ಕ್ಷ-ಕಿರಣ ದೂರದರ್ಶಕಕ್ಕೆ ಆ ಹೆಸರನ್ನೇ ಇಟ್ಟರು. ಕ್ರಿಕೆಟ್ ನೋಡಿದವರಿಗೆ ನಮ್ಮ ಬೌಲರ್ ಕೂಡ ‘ಚಂದ್ರ’ನೇ.

ಹೆಜ್ಜೆ 3: ಹುಟ್ಟಿನ ಹೆಸರೋ, ಆಮೇಲೆ ಬಂದ ಹೆಸರೋ ಕೇಳಿ

ದುರ್ಗದ ಕೋಟೆ ನೋಡಲು ಬಂದವರಿಗೆ 1972ರ ‘ನಾಗರಹಾವು’ ಸಿನಿಮಾದ ರಾಮಾಚಾರಿ ನೆನಪಾಗದೆ ಇರುವುದಿಲ್ಲ. ಆ ಪಾತ್ರ ಮಾಡಿದ ಸಂಪತ್ ಕುಮಾರ್ ಎಂಬ ಯುವಕನಿಗೆ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಇಟ್ಟ ಹೆಸರು ವಿಷ್ಣುವರ್ಧನ್. ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದ ಹೊಯ್ಸಳ ಅರಸ ವಿಷ್ಣುವರ್ಧನನಿಗೂ ಮೊದಲಿನ ಹೆಸರು ಬೇರೆ, ಬಿಟ್ಟಿದೇವ. ಅವನಿಗೂ ಸುಮಾರು ಐದು ಶತಮಾನ ಹಿಂದೆ, ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ವೆಂಗಿಯಲ್ಲಿ ಪೂರ್ವ ಚಾಲುಕ್ಯರ ಮನೆತನ ಶುರುಮಾಡಿದ, ಆ ಮನೆತನದಲ್ಲೇ ಮುಂದೆ ಇನ್ನೂ ಕೆಲವು ವಿಷ್ಣುವರ್ಧನರು ಬಂದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಲಿಯಾಂಡರ್ ಪೇಸ್ ಜೊತೆ ಟೆನಿಸ್ ಡಬಲ್ಸ್ ಆಡಿದ ಹೈದರಾಬಾದಿನ ಆಟಗಾರನೂ ವಿಷ್ಣುವರ್ಧನ್.

ಇವರನ್ನು ಯಾರೂ ಅದಲುಬದಲು ಮಾಡುವುದಿಲ್ಲ ಎನ್ನಬಹುದು. ನಿಜ. ಆದರೆ ಹೆಸರು ಬದಲಾದ ಕಡೆ ಬೇರೊಂದು ತೊಡಕು ಕಾದಿರುತ್ತದೆ: ಹಳೆಯ ಹೆಸರಿನಲ್ಲಿ ಮಾಡಿದ ಕೆಲಸ ಕೈತಪ್ಪುತ್ತದೆ. ಸಂಪತ್ ಕುಮಾರ್ ಎಂಬ ಹೆಸರನ್ನು ಕಾರ್ಡಿನಲ್ಲಿ ಬರೆಯದಿದ್ದರೆ ಆ ನಟನ ಹಳೆಯ ದಾಖಲೆಗಳು ಬೇರೊಬ್ಬರವು ಎಂದು ಪಕ್ಕಕ್ಕೆ ಹೋಗುತ್ತವೆ. ಮುತ್ತುರಾಜ್ ಎಂಬ ಹುಟ್ಟುಹೆಸರಿನ ಡಾ. ರಾಜ್‌ಕುಮಾರ್, ಕುಲಭೂಷಣ್ ಪಂಡಿತ್ ಎಂಬ ಹುಟ್ಟುಹೆಸರಿನ ಹಿಂದಿ ನಟ ರಾಜ್‌ಕುಮಾರ್, ಇವರಿಬ್ಬರನ್ನು ಎಂದೂ ಬೆರೆಯದಂತೆ ಇಡುವ ಗಟ್ಟಿ ಗೂಟವೂ ಹುಟ್ಟುಹೆಸರೇ.

ಹೆಸರು ಹಂಚಿಕೊಳ್ಳಬಾರದು ಎಂದು ತಾವೇ ಬದಲಿಸಿಕೊಂಡವರೂ ಇದ್ದಾರೆ. 1899ರಲ್ಲಿ ಇಂಗ್ಲೆಂಡಿನ ವಿನ್‌ಸ್ಟನ್ ಚರ್ಚಿಲ್‌ಗೆ ಅಮೆರಿಕದಲ್ಲಿ ಅದೇ ಹೆಸರಿನ ಜನಪ್ರಿಯ ಕಾದಂಬರಿಕಾರ ಇದ್ದಾನೆಂದು ಗೊತ್ತಾಯಿತು. ಆಗ ಹೆಚ್ಚು ಪ್ರಸಿದ್ಧ ಅಮೆರಿಕದವನೇ. ಚರ್ಚಿಲ್ ಅವನಿಗೆ ಕಾಗದ ಬರೆದು, ಇನ್ನು ಮುಂದೆ ತನ್ನ ಬರಹಗಳಿಗೆ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಮಾಡುವುದಾಗಿ ಒಪ್ಪಿಕೊಂಡ. ಹಾಲಿವುಡ್‌ನಲ್ಲಿ ಮೈಕೆಲ್ ಕೀಟನ್ ಎಂದು ಹೆಸರಾದ ನಟನ ಹುಟ್ಟುಹೆಸರು ಮೈಕೆಲ್ ಡಗ್ಲಾಸ್. ಆ ಹೆಸರಿನಲ್ಲಿ ಇನ್ನೊಬ್ಬ ನಟ ಆಗಲೇ ಇದ್ದುದರಿಂದ ಬದಲಿಸಿಕೊಳ್ಳಬೇಕಾಯಿತು. ಮೈಕೆಲ್ ಜೋರ್ಡನ್ ಎಂಬ ಹೆಸರಿನ ಬಾಸ್ಕೆಟ್‌ಬಾಲ್ ಆಟಗಾರ, ಕಂಪ್ಯೂಟರ್ ವಿಜ್ಞಾನಿ, ನಟ ಮೂವರೂ ಇಂದು ಬದುಕಿದ್ದಾರೆ. ವಿಜ್ಞಾನಿ ನಡುವೆ ‘ಐ’ ಸೇರಿಸುತ್ತಾರೆ, ನಟ ‘ಬಿ’ ಸೇರಿಸುತ್ತಾರೆ. ಒಬ್ಬ ವ್ಯಕ್ತಿ ತನ್ನ ಹೆಸರನ್ನು ತಾನು ಹೇಗೆ ಬರೆದುಕೊಳ್ಳುತ್ತಾನೋ ಅದೇ ಕಾರ್ಡಿನ ತಲೆಬರಹ ಆಗಬೇಕು, ನಮಗೆ ಸಲೀಸಾದ ರೂಪವಲ್ಲ.

ಹೆಜ್ಜೆ 4: ಕಾಲದ ಗೆರೆ ಎಳೆಯಿರಿ

ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಕೆಲಸ ಮಾಡಿದ ವರ್ಷಗಳು. ಇಷ್ಟು ಬರೆದರೆ ಅರ್ಧ ಗೊಂದಲ ಹೋಗುತ್ತದೆ. ಸೂಕ್ತಿಸುಧಾರ್ಣವ ಸಂಕಲಿಸಿದ ಮಲ್ಲಿಕಾರ್ಜುನ 13ನೇ ಶತಮಾನದವನು, ವ್ಯಾಕರಣಕಾರ ಕೇಶಿರಾಜನ ತಂದೆ. ಗಾಯಕ ಮಲ್ಲಿಕಾರ್ಜುನ ಮನ್ಸೂರರು 1910ರಿಂದ 1992ರ ತನಕ ಬದುಕಿದವರು. ಮಲ್ಲಿಕಾರ್ಜುನ ಖರ್ಗೆಯವರು, ನಮ್ಮ ದಾವಣಗೆರೆಯ ಎಸ್.ಎಸ್. ಮಲ್ಲಿಕಾರ್ಜುನ್ ಅವರು ಇಂದಿನ ರಾಜಕಾರಣದಲ್ಲಿರುವವರು. ಇಲ್ಲಿ ಕಾಲ ನೋಡಿದರೆ ಸಾಕು, ಕೊನೆಯ ಇಬ್ಬರಿಗೆ ಮಾತ್ರ ಊರೂ ಬೇಕು.

ಕಾಲ ತೀರಾ ಹತ್ತಿರ ಬಂದಾಗ ವರ್ಷ ಸಾಲದು, ತಾರೀಕೇ ಬೇಕು. ಸುಗಮ ಸಂಗೀತದ ಸಿ. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29. ಮಾರನೇ ದಿನ ವಿಷ್ಣುವರ್ಧನ್ ಹೋದರು. ಮೂರು ವಾರ ಕಳೆಯುವಷ್ಟರಲ್ಲಿ, 2010ರ ಜನವರಿ 18ರಂದು, ಅದೇ ರಾಮಾಚಾರಿಗೆ ಚಾಮಯ್ಯ ಮೇಷ್ಟ್ರಾಗಿದ್ದ ಕೆ.ಎಸ್. ಅಶ್ವಥ್ ಹೋದರು. ಆ ದಿನಗಳ ಸಂತಾಪ ಸೂಚಕ ಸಭೆಯ ವರದಿಗಳಲ್ಲಿ ‘ಅಶ್ವಥ್ ಅವರಿಗೆ ಶ್ರದ್ಧಾಂಜಲಿ’ ಎಂದಷ್ಟೇ ಇದ್ದರೆ ಪತ್ರಿಕೆಯ ತಾರೀಕು ನೋಡದೆ ಯಾರೆಂದು ಹೇಳಲಾಗದು. ಕತ್ತರಿಸಿಟ್ಟ ಪತ್ರಿಕೆ ಚೂರಿನ ಮೇಲೆ ಅಂದೇ ಪೆನ್ನಿನಲ್ಲಿ ದಿನಾಂಕ ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅರಸು ಮನೆತನಗಳದ್ದು ಬೇರೆಯೇ ಪಾಡು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಚಿತ್ರದುರ್ಗದ ನಾಯಕರ ವಂಶಾವಳಿಯಲ್ಲಿ ಮದಕರಿಯೂ ಕಸ್ತೂರಿ ರಂಗಪ್ಪನೂ ಓಬಣ್ಣನೂ ಮರಳಿ ಮರಳಿ ಬರುತ್ತಾರೆ. ಮದಕರಿಗಳು ಐವರು ಎಂದು ಒಂದು ಎಣಿಕೆ. ಮೊದಲ ಓಬಣ್ಣ ನಾಯಕನನ್ನು ಮದಕರಿ ಎಂದು ಸೇರಿಸಿಕೊಂಡರೆ ಒಂದು ಲೆಕ್ಕ, ಬಿಟ್ಟರೆ ಇನ್ನೊಂದು. ಹೀಗಿರುವಾಗ ‘ಮೂರನೇ ಮದಕರಿ’, ‘ನಾಲ್ಕನೇ ಮದಕರಿ’ ಎಂದು ಅಂಕಿಯನ್ನಷ್ಟೇ ಬರೆದರೆ ಒಂದು ಪುಸ್ತಕದ ನಾಲ್ಕನೆಯವನು ಇನ್ನೊಂದರಲ್ಲಿ ಮೂರನೆಯವನಾಗುತ್ತಾನೆ. ಅಂಕಿಯ ಬದಲು ಘಟನೆ ಹಿಡಿಯಿರಿ. ಮಾಯಕೊಂಡದ ಕಾಳಗದಲ್ಲಿ ಮಡಿದವನು ಹಿರೇ ಮದಕರಿ. 1779ರಲ್ಲಿ ಹೈದರ್ ಅಲಿಗೆ ಕೋಟೆ ಕಳೆದುಕೊಂಡವನು ಕೊನೆಯ ಮದಕರಿ. ಇಬ್ಬರ ನಡುವೆ ಮೂರು ದಶಕದ ಅಂತರ ಇದೆ. ಊರಿನ ಹಬ್ಬಗಳಲ್ಲಿ ಭಾಷಣ ಮಾಡುವವರು ಒಬ್ಬನ ಪರಾಕ್ರಮವನ್ನು ಇನ್ನೊಬ್ಬನಿಗೆ ಹಚ್ಚುವುದನ್ನು ಕೇಳಿದಾಗ ಸಂಕಟವಾಗುತ್ತದೆ, ಇಬ್ಬರಿಗೂ ಅವರವರ ಪಾಲಿನ ಶೌರ್ಯ ಬೇಕಾದಷ್ಟಿದೆ.

ಹೈದರ್ ಅಲಿ ಎಂಬ ಹೆಸರಿಗೂ ಒಡೆಯರು ಹಲವರು. ಮೈಸೂರಿನ ನವಾಬ, ಲಖನೌದ ಉರ್ದು ಕವಿ ಹೈದರ್ ಅಲಿ ಆತಿಶ್, ಪಾಕಿಸ್ತಾನದ ಕ್ರಿಕೆಟಿಗ, ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆದು ಚಿನ್ನ ಗೆದ್ದ ಪಾಕಿಸ್ತಾನದವರೇ ಆದ ಇನ್ನೊಬ್ಬ ಹೈದರ್ ಅಲಿ.

ಹೆಜ್ಜೆ 5: ಊರು ಬರೆಯಿರಿ, ಜಿಲ್ಲೆಗೆ ವರ್ಷ ಹಾಕಿ

ನಮ್ಮ ಭಾಗದಲ್ಲಿ ತುಂಬ ಜನ ಎಡವುವ ಜಾಗ ಇದು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ ದಾವಣಗೆರೆ, ಹರಿಹರ, ಜಗಳೂರಿನವರೆಲ್ಲ ಚಿತ್ರದುರ್ಗ ಜಿಲ್ಲೆಯವರು. ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗದವರು. ಹರಪನಹಳ್ಳಿಯವರು ಬಳ್ಳಾರಿಯವರು. ಹರಪನಹಳ್ಳಿ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ.

ನಿಜಲಿಂಗಪ್ಪನವರು 1902ರಲ್ಲಿ ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ, ವಕೀಲಿ ಮಾಡಿದ್ದು ಚಿತ್ರದುರ್ಗದಲ್ಲಿ, ಸ್ಮಾರಕ ಇರುವುದು ದುರ್ಗದ ಹತ್ತಿರದ ಸೀಬಾರದಲ್ಲಿ. ಬೇರೆ ಬೇರೆ ದಶಕದ ನಾಲ್ಕು ಪುಸ್ತಕ ತೆರೆದರೆ ಅವರ ಹುಟ್ಟಿದ ಜಿಲ್ಲೆ ಬಳ್ಳಾರಿ, ದಾವಣಗೆರೆ, ವಿಜಯನಗರ ಎಂದೆಲ್ಲ ಸಿಗಬಹುದು. ಯಾವ ಪುಸ್ತಕದ್ದೂ ತಪ್ಪಲ್ಲ. ಅಷ್ಟು ದೊಡ್ಡ ಹೆಸರಾದ್ದರಿಂದ ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಊರಿನ ಮಟ್ಟಿಗೆ ಹೆಸರು ಮಾಡಿದ ಒಬ್ಬ ರಂಗನಟನ ವಿಷಯದಲ್ಲಿ ಮೂರು ಜಿಲ್ಲೆ ಕಂಡರೆ ಅವರು ಮೂರು ಜನ ಎಂದು ಬರೆದುಬಿಡುತ್ತಾರೆ. ಹಾಗಾಗಿ ಹಳ್ಳಿಯ ಹೆಸರು ಮೊದಲು, ತಾಲ್ಲೂಕು ಆಮೇಲೆ, ಜಿಲ್ಲೆಯನ್ನು ‘ಆಗ’ ಮತ್ತು ‘ಈಗ’ ಎಂದು ಎರಡು ಸಲ. ತ.ರಾ.ಸು. ಅವರದ್ದಾದರೆ: ಹುಟ್ಟೂರು ಮಲೇಬೆನ್ನೂರು, ಹರಿಹರ ತಾಲ್ಲೂಕು, ಆಗ ಚಿತ್ರದುರ್ಗ, ಈಗ ದಾವಣಗೆರೆ ಜಿಲ್ಲೆ.

ಕೇಳುವವರ ಊರೂ ಅರ್ಥವನ್ನು ಬದಲಿಸುತ್ತದೆ. ‘ಶಿವಕುಮಾರ ಸ್ವಾಮೀಜಿ’ ಎಂದರೆ ತುಮಕೂರು ಕಡೆಯವರಿಗೆ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀಗಳು. ಸಿರಿಗೆರೆ ಸುತ್ತಿನ ಹಿರಿಯರಿಗೆ 1992ರಲ್ಲಿ ಲಿಂಗೈಕ್ಯರಾದ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯರು. ಇಬ್ಬರೂ ಹಳ್ಳಿಯ ಮಕ್ಕಳ ಓದಿಗೆ ಹಾಸ್ಟೆಲ್ಲು, ಶಾಲೆ ಕಟ್ಟಿದವರೇ ಆದ್ದರಿಂದ ಕೆಲಸದ ವಿವರಣೆಯೂ ಒಂದೇ ಥರ ಕೇಳುತ್ತದೆ. ಮಠದ ಹೆಸರಿಲ್ಲದೆ ಇವರ ಹೆಸರನ್ನು ಬರೆಯಲೇಬೇಡಿ. ಸಂತೂರ್ ವಾದಕ ಪಂಡಿತ್ ಶಿವಕುಮಾರ್ ಶರ್ಮಾ, ರಾಜಕಾರಣಿ ಡಿ.ಕೆ. ಶಿವಕುಮಾರ್ ಇವರನ್ನು ಬಿಡಿಸಲು ಅಷ್ಟು ಕಷ್ಟವಿಲ್ಲ.

ಹೆಜ್ಜೆ 6: ಕ್ಷೇತ್ರ ಬರೆಯಿರಿ, ಅದನ್ನೇ ನಂಬಿ ಕೂರಬೇಡಿ

ಬೇರೆ ಬೇರೆ ಕ್ಷೇತ್ರದವರಾದರೆ ಒಂದು ಪದ ಸಾಕು. ಅಶೋಕ್ ಕುಮಾರ್ (ನಟ), ಅಶೋಕ್ ಕುಮಾರ್ (ಹಾಕಿ): ಮೊದಲನೆಯವರ ಹುಟ್ಟುಹೆಸರು ಕುಮುದ್‌ಲಾಲ್ ಗಂಗೂಲಿ, ಎರಡನೆಯವರು ಧ್ಯಾನಚಂದರ ಮಗ, 1975ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವರು. ಫ್ರಾನ್ಸಿಸ್ ಬೇಕನ್ ತತ್ವಜ್ಞಾನಿಯೂ ಹೌದು, 20ನೇ ಶತಮಾನದ ಚಿತ್ರಕಾರನೂ ಹೌದು.

ಕಷ್ಟ ಇರುವುದು ಒಂದೇ ಕ್ಷೇತ್ರದಲ್ಲಿ. ಎ.ಆರ್. ಕೃಷ್ಣಶಾಸ್ತ್ರಿ ಕನ್ನಡದ ದೊಡ್ಡ ವಿದ್ವಾಂಸರು. ಬೆಳಗೆರೆ ಕೃಷ್ಣಶಾಸ್ತ್ರಿ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಲೇಖಕರು, ಮೇಷ್ಟ್ರು. ದೇವುಲಪಲ್ಲಿ ಕೃಷ್ಣಶಾಸ್ತ್ರಿ ತೆಲುಗಿನ ಕವಿ. ಮೂವರಿಗೂ ‘ಸಾಹಿತಿ’ ಎಂದು ಬರೆದರೆ ಏನು ಬಿಡಿಸಿದಂತಾಯಿತು? ಚಿತ್ರದುರ್ಗದ ನಂಟು ನೋಡಿ ಬಿಡಿಸೋಣ ಎಂದರೂ ಜಾರುತ್ತದೆ, ಏಕೆಂದರೆ ಎ.ಆರ್. ಅವರ ಆಪ್ತ ಗೆಳೆಯ ಟಿ.ಎಸ್. ವೆಂಕಣ್ಣಯ್ಯನವರು ತಳುಕಿನವರು, ಇಬ್ಬರನ್ನೂ ಸೇರಿಸಿ ಅಶ್ವಿನೀದೇವತೆಗಳು ಎನ್ನುತ್ತಿದ್ದರು. ಇಂಥ ಕಡೆ ಕೃತಿಗಳ ಪಟ್ಟಿಯೊಂದೇ ದಾರಿ. ಪ್ರತಿ ಕೃತಿಯನ್ನೂ ಅದರ ಮೊದಲ ಪುಟ ನೋಡಿ, ಪ್ರಕಾಶಕರು ಯಾರು, ಯಾವ ವರ್ಷ, ಮುನ್ನುಡಿಯ ಕೆಳಗೆ ಯಾವ ಊರು ಇದೆ ಎಂದು ಬರೆದುಕೊಂಡು ಅವರವರ ಕಾರ್ಡಿಗೆ ಸೇರಿಸಿ. ಎರಡು ಗಟ್ಟಿ ಗುರುತು ಹೊಂದದ ಕೃತಿಯನ್ನು ಯಾರ ಕಾರ್ಡಿಗೂ ಹಾಕದೆ ಬೇರೆ ಹಾಳೆಯಲ್ಲಿ ಇಡಿ.

ಹೆಜ್ಜೆ 7: ಒಟ್ಟು ಮಾಡುವುದಿದ್ದರೆ ಬ್ರಹ್ಮಗಿರಿ ನೆನಪಿಡಿ

ಬಿಡಿಸುವುದರ ಜೊತೆಗೆ ಒಟ್ಟು ಮಾಡುವ ಕೆಲಸವೂ ಬರುತ್ತದೆ: ಎರಡು ಹೆಸರು, ಒಬ್ಬ ಮನುಷ್ಯ. ಇದಕ್ಕೆ ಭಾರತದ ಚರಿತ್ರೆಯಲ್ಲೇ ಅತಿ ದೊಡ್ಡ ಉದಾಹರಣೆಯ ಒಂದು ತುಂಡು ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ.

ಉತ್ತರದ ಕಂಬಗಳ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದಾಗ ಅಲ್ಲಿ ಕಂಡ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ. ಯಾರಿವನು? ಸಿಂಹಳದ ಗ್ರಂಥಗಳಲ್ಲಿ ದೇವಾನಾಂಪಿಯ ತಿಸ್ಸ ಎಂಬ ಅರಸನಿದ್ದ. ಬಿರುದು ಒಂದೇ ಆದ್ದರಿಂದ ಪ್ರಿನ್ಸೆಪ್ ಮೊದಲು ಇವನು ಲಂಕೆಯ ದೊರೆ ಎಂದೇ ತಿಳಿದ. ಲಂಕೆಯಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವೊಂದರಲ್ಲಿ ಅಶೋಕನನ್ನೇ ಪಿಯದಸ್ಸಿ ಎಂದು ಕರೆದಿರುವುದನ್ನು ತೋರಿಸಿದ ಮೇಲೆ ತಿದ್ದಿಕೊಂಡ. ಇಷ್ಟಾದರೂ ಅದು ಪುಸ್ತಕದ ಸಾಕ್ಷಿ, ಕಲ್ಲಿನ ಸಾಕ್ಷಿ ಇರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಶಾಸನಗಳನ್ನು ಪತ್ತೆಮಾಡಿದರು, ಅಲ್ಲಿಯೂ ದೇವಾನಾಂಪ್ರಿಯ ಎಂಬ ಬಿರುದೇ. 1915ರಲ್ಲಿ ರಾಯಚೂರು ಕಡೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯ ಎಂಬುದರ ಜೊತೆಗೇ ಅಶೋಕ ಎಂಬ ಹೆಸರು ಬಂತು. ಕಲ್ಲೇ ಎರಡು ಹೆಸರನ್ನೂ ಒಟ್ಟಿಗೆ ಹೇಳಿತು.

ಇದರಿಂದ ಹಿಡಿಯಬೇಕಾದ ಪರೀಕ್ಷೆ ಸರಳ: ಎರಡೂ ಹೆಸರು ಒಟ್ಟಿಗೆ ಇರುವ, ಆ ಕಾಲದ್ದೇ ಆದ ಒಂದು ದಾಖಲೆ ಬೇಕು. ಕಾವ್ಯನಾಮದ ಪಕ್ಕ ನಿಜನಾಮ ಅಚ್ಚಾದ ಪುಸ್ತಕ, ಎರಡೂ ಹೆಸರಿರುವ ಕರಪತ್ರ, ಶಾಲೆಯ ದಾಖಲಾತಿ, ಕ್ರಯಪತ್ರ, ಯಾವುದಾದರೂ ಸರಿ. ಬಿರುದು ಹೊಂದಿತು, ಮುಖಚಹರೆ ಹೊಂದಿತು ಎಂಬುದಕ್ಕೆ ಒಟ್ಟು ಮಾಡಬೇಡಿ. ಶಾಸನದ ಹೆಸರುಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ 11ನೇ ಸಂಪುಟ ನೋಡಿ. ಅದು ಹಳೆಯ ಚಿತ್ರದುರ್ಗ ಜಿಲ್ಲೆಯದ್ದು, ದಾವಣಗೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಇವೆ. ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಆ ಸಂಖ್ಯೆಯನ್ನೂ ಕಾರ್ಡಿಗೆ ಇಳಿಸಿಕೊಳ್ಳಿ.

ಹೆಜ್ಜೆ 8: ಕಾರ್ಡು ತುಂಬಿ

ಒಂದು ಮಾದರಿ ಹೀಗಿರಲಿ.

ತಲೆಬರಹ: ಚಂದ್ರಶೇಖರ್, ಶಿವರಾಮಕೃಷ್ಣ (ಭೌತವಿಜ್ಞಾನಿ, ದ್ರವಸ್ಫಟಿಕ)
ಬರೆದುಕೊಳ್ಳುತ್ತಿದ್ದ ರೂಪ: ಎಸ್. ಚಂದ್ರಶೇಖರ್
ಕಾಲ: 1930–2004
ಊರು: ಹುಟ್ಟಿದ್ದು ಕೋಲ್ಕತ್ತ, ಕೆಲಸ ಮೈಸೂರು, ಬೆಂಗಳೂರು
ಮುಖ್ಯ ಕೆಲಸ: ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕ, 1977
ಇವರಲ್ಲ: ಸುಬ್ರಹ್ಮಣ್ಯನ್ ಚಂದ್ರಶೇಖರ್ (ನೊಬೆಲ್, 1983), ಶ್ರೀಪತಿ ಚಂದ್ರಶೇಖರ್ (ಜನಸಂಖ್ಯಾಶಾಸ್ತ್ರ)
ನೋಡಿದ ದಾಖಲೆ, ನೋಡಿದ ದಿನ:

‘ಇವರಲ್ಲ’ ಎಂಬ ಸಾಲನ್ನು ದಯವಿಟ್ಟು ಬಿಡಬೇಡಿ. ನಿಮ್ಮ ನಂತರ ಕಾರ್ಡು ನೋಡುವವರಿಗೆ ಇನ್ನೊಬ್ಬರಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ. ಆ ಒಂದು ಸಾಲು ಅವರನ್ನು ನಿಲ್ಲಿಸುತ್ತದೆ. ಇಬ್ಬರ ಕಾರ್ಡಿನಲ್ಲೂ ಬರೆಯಬೇಕು, ಒಬ್ಬರದರಲ್ಲಿ ಮಾತ್ರ ಬರೆದರೆ ಅರ್ಧ ಕೆಲಸ.

ಹೆಜ್ಜೆ 9: ಫೋಟೊ ಮತ್ತು ಅಂತರಜಾಲ

ಗೂಗಲ್ ಕೊಟ್ಟ ಮೊದಲ ಫೋಟೊವನ್ನು ಫ್ಲೆಕ್ಸಿಗೆ ಕಳಿಸಬೇಡಿ. ಹುಡುಕಾಟದ ಯಂತ್ರ ಹೆಸರು ನೋಡುತ್ತದೆ, ಒಬ್ಬರ ಪರಿಚಯದ ಪಕ್ಕ ಇನ್ನೊಬ್ಬರ ಮುಖ ಕೂರಿಸುವುದೂ ಉಂಟು. ಫೋಟೊ ಮೂಲದಲ್ಲಿ ಯಾವ ಪುಟದಲ್ಲಿತ್ತು, ಕೆಳಗೆ ಏನು ಬರೆದಿತ್ತು ಎಂದು ತೆರೆದು ನೋಡಿ. ಊರಿನವರಾದರೆ ಮನೆಯವರಿಗೆ ತೋರಿಸಿ ‘ಇವರೇ ಹೌದಾ?’ ಎಂದು ಒಮ್ಮೆ ಕೇಳಿ.

ಹುಡುಕುವಾಗ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಬೇಡದ ಕ್ಷೇತ್ರದ ಪದ ಶುರುವಾಗುವ ಮೊದಲು, ಜಾಗ ಬಿಡದೆ, ಮೈನಸ್ ಗುರುತು ಹಾಕಿ. "ವಿನಯ್ ಕುಮಾರ್" -ಕ್ರಿಕೆಟ್ ಎಂದು ಕೊಟ್ಟರೆ ಬೌಲರ್ ಪುಟಗಳು ಬಹುಪಾಲು ಪಕ್ಕಕ್ಕೆ ಸರಿದು ಉಳಿದವರು ಕಾಣುತ್ತಾರೆ.

ವಿಕಿಪೀಡಿಯದ ಜೊತೆಯ ಮಾಹಿತಿಕೋಶ ವಿಕಿಡೇಟಾದಲ್ಲಿ ದಾಖಲಾದ ಪ್ರತಿ ವ್ಯಕ್ತಿಗೂ ಕ್ಯೂ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಹೆಸರು ಎಷ್ಟೇ ಹೊಂದಲಿ, ಸಂಖ್ಯೆ ಹೊಂದುವುದಿಲ್ಲ. ಗ್ರಂಥಾಲಯಗಳು ಲೇಖಕರಿಗೆ ವಯಾಫ್ (VIAF) ಎಂಬ ಅಂತರರಾಷ್ಟ್ರೀಯ ಹೆಸರುಪಟ್ಟಿಯ ಸಂಖ್ಯೆ ಬಳಸುತ್ತವೆ. ಸಂಶೋಧಕರಿಗೆ 2012ರಿಂದ ಆರ್ಕಿಡ್ (ORCID) ಎಂಬ 16 ಅಂಕಿಯ ಗುರುತು ಉಚಿತವಾಗಿ ಸಿಗುತ್ತಿದೆ. ದಾವಣಗೆರೆ ವಿಶ್ವವಿದ್ಯಾಲಯದಲ್ಲಾಗಲಿ ಬೇರೆಲ್ಲೇ ಆಗಲಿ ಪಿಎಚ್.ಡಿ ಮಾಡುತ್ತಿರುವವರು ಮೊದಲ ಲೇಖನ ಕಳಿಸುವ ಮುನ್ನವೇ ಇದನ್ನು ಮಾಡಿಸಿಕೊಳ್ಳಿ. ಮಂಜುನಾಥ, ಬಸವರಾಜ, ತಿಪ್ಪೇಸ್ವಾಮಿ ಎಂಬ ಹೆಸರಿಟ್ಟುಕೊಂಡು ಸಂಶೋಧನೆಗೆ ಇಳಿದವರಿಗಂತೂ ಇದು ಬೇಕೇ ಬೇಕು.

ಹೆಜ್ಜೆ 10: ಅಚ್ಚಿಗೆ ಕೊಡುವ ಮುಂಚೆ

ಮೊದಲ ಸಲ ಹೆಸರು ಬಂದಲ್ಲಿ ಪೂರ್ತಿ ರೂಪ, ಊರು, ಕೆಲಸ ಮೂರೂ ಇರಲಿ. ಆಮೇಲೆ ಚಿಕ್ಕದು ಮಾಡಿ. ಒಂದೇ ಸಂಚಿಕೆಯಲ್ಲಿ ಇಬ್ಬರು ಬರುವುದಾದರೆ ಚಿಕ್ಕದು ಮಾಡಲೇಬೇಡಿ. ‘ಡಾ.’, ‘ಪಂ.’, ‘ಶ್ರೀ’ ಇವು ಗುರುತಲ್ಲ, ಇಬ್ಬರಿಗೂ ಇರಬಹುದು. ಕ್ವಿಜ್ ಮಾಡುವವರು ‘ಎಸ್. ಚಂದ್ರಶೇಖರ್ ಯಾವುದಕ್ಕೆ ಪ್ರಸಿದ್ಧರು?’ ಎಂದು ಕೇಳಿದರೆ ದ್ರವಸ್ಫಟಿಕ ಎಂದ ಹುಡುಗಿಗೂ ಅಂಕ ಕೊಡಬೇಕಾಗುತ್ತದೆ, ಅವಳು ಹೇಳಿದ್ದು ಸರಿ.

ಬದುಕಿರುವವರ ವಿಷಯದಲ್ಲಿ, ಅದರಲ್ಲೂ ಪೊಲೀಸ್, ಕೋರ್ಟು ಸುದ್ದಿ ಇದ್ದಾಗ, ವಯಸ್ಸು, ಊರು, ಉದ್ಯೋಗ ಹೊಂದುವುದನ್ನು ನೋಡಿಕೊಳ್ಳದೆ ಒಂದಕ್ಷರವನ್ನೂ ಕಾರ್ಡಿಗೆ ಸೇರಿಸಬಾರದು. ಅದೇ ಹೆಸರಿನ, ಹೆಸರು ಮಾಡದ ಸಾಮಾನ್ಯ ಜನರನ್ನು ನಮ್ಮ ಪಟ್ಟಿಗೆ ಎಳೆಯುವ ಹಕ್ಕೂ ನಮಗಿಲ್ಲ.

ತಪ್ಪು ಅಚ್ಚಾಗಿಬಿಟ್ಟರೆ ಮುಂದಿನ ಸಂಚಿಕೆಯಲ್ಲಿ ಹೆಸರು ಹಿಡಿದು ತಿದ್ದುಪಡಿ ಹಾಕಿ, ಉಳಿದ ಪ್ರತಿಗಳಿಗೆ ಚೀಟಿ ಅಂಟಿಸಿ. ಗ್ರಂಥಾಲಯಕ್ಕೆ ಕೊಟ್ಟ ಪ್ರತಿಗೆ ನೀವೇ ಹೋಗಿ ಅಂಟಿಸಿ ಬನ್ನಿ, ಮುಂದಿನ ಇಪ್ಪತ್ತು ವರ್ಷ ಜನ ಓದುವುದು ಅದನ್ನೇ. ಕಾರ್ಡುಗಳ ಒಂದು ನಕಲನ್ನೂ ಅಲ್ಲೇ ಗ್ರಂಥಪಾಲಕರ ಕೈಗೆ ಕೊಟ್ಟು, ಹೊಸದಾಗಿ ಹೆಸರು ಸೇರಿದಾಗಲೆಲ್ಲ ಅದರಲ್ಲೂ ಸೇರಿಸುತ್ತ ಹೋಗಿ.